ಯಾವ ತಿಂಗಳ ಸಿಂಪಿ ಎಂಬುದನ್ನೂ ಮುದ್ರಿಸಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಸಾಕಿ ಬೆಳೆಸಿದ ಸಮುದ್ರ ಸಿಂಪಿಗಳ ಪೌಷ್ಟಿಕಾಂಶವನ್ನು ಕುರಿತ ಲೇಖನವನ್ನೂ ಅದರ ಜೊತೆಗಿದ್ದ ಕೋಷ್ಟಕವನ್ನೂ ಆಸಕ್ತಿಯಿಂದ ಓದಿದೆ. ಹೋಟೆಲುಗಳಲ್ಲಿ ಆಯ್ಸ್ಟರ್ ಎಂಬ ಹೆಸರಿನಿಂದ ಬಡಿಸುವ ಈ ಜೀವಿಯನ್ನು ಕುರಿತು ಕನ್ನಡದಲ್ಲಿ ಬರೆಯುವವರೇ ವಿರಳವಾಗಿರುವಾಗ ಇಂಥ ಬರಹಕ್ಕೆ ಜಾಗ ಕೊಟ್ಟದ್ದು ಸ್ವಾಗತಾರ್ಹ. ಆದರೆ ನೂರು ಗ್ರಾಂ ಸಿಂಪಿ ಮಾಂಸದಲ್ಲಿ ಸತು ಇಷ್ಟು, ಪ್ರೋಟೀನ್ ಇಷ್ಟು, ಕೊಬ್ಬು ಇಷ್ಟು ಎಂದು ಒಂದೊಂದೇ ಅಂಕಿಯನ್ನು ಕೊಟ್ಟಿರುವ ಆ ಕೋಷ್ಟಕವು, ಅದು ಯಾವ ಜಾತಿಯ ಸಿಂಪಿ, ಯಾವ ನೀರಿನಲ್ಲಿ ಬೆಳೆದದ್ದು, ವರ್ಷದ ಯಾವ ತಿಂಗಳಲ್ಲಿ ತೆಗೆದದ್ದು ಎಂಬ ಮೂರು ಸಂಗತಿಗಳಲ್ಲಿ ಒಂದನ್ನೂ ಹೇಳುವುದಿಲ್ಲ. ಬೇರೆ ಆಹಾರಗಳ ವಿಷಯದಲ್ಲಿ ಈ ಕೊರತೆಯನ್ನು ಸಣ್ಣದೆಂದು ಬಿಡಬಹುದಾಗಿತ್ತು. ಸಿಂಪಿಯ ವಿಷಯದಲ್ಲಿ ಬಿಡಲಾಗದು, ಏಕೆಂದರೆ ವರ್ಷದುದ್ದಕ್ಕೂ ತನ್ನ ಮೈಯ ಸಂಯೋಜನೆಯನ್ನು ಇಷ್ಟೊಂದು ಬದಲಾಯಿಸಿಕೊಳ್ಳುವ ಆಹಾರ ಪ್ರಾಣಿಗಳು ಕಡಿಮೆ.

ಸಮುದ್ರವೇ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಈ ಪತ್ರ ಬರುತ್ತಿರುವುದಕ್ಕೆ ತಾವು ಆಶ್ಚರ್ಯಪಡಬೇಕಾಗಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳಿದವನಾದ್ದರಿಂದ ಮೃದ್ವಂಗಿಗಳ ಪರಿಚಯ ನನಗೆ ಸಾಕಷ್ಟಿದೆ. ಅದಕ್ಕಿಂತ ಮುಖ್ಯವಾಗಿ, ಬೆಂಗಳೂರಿನ ದೊಡ್ಡ ಹೋಟೆಲುಗಳೂ ಶೀತಲೀಕರಿಸಿದ ಮೀನು ಮಾರುವ ಮಳಿಗೆಗಳೂ ನಮ್ಮಿಂದ ಎರಡು ಗಂಟೆಯ ದಾರಿಯಷ್ಟೇ. ಕೋವಿಡ್ ಕಾಲದಿಂದ ಈಚೆಗೆ ಸತುವಿನ ಮಾತ್ರೆಯ ಮಾತು ನಮ್ಮ ಊರುಗಳಲ್ಲೂ ಸಾಮಾನ್ಯವಾಗಿದೆ. ಸತು ಬೇಕಾದವರು ಸಿಂಪಿ ತಿನ್ನಬೇಕು ಎಂಬ ತಮ್ಮ ಲೇಖನದ ಸಲಹೆಯನ್ನು ಇಲ್ಲಿಯವರೂ ಓದುತ್ತಾರೆ, ಕತ್ತರಿಸಿಟ್ಟುಕೊಳ್ಳುತ್ತಾರೆ.

ಮೊದಲು ಜಾತಿಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕೋಷ್ಟಕದಲ್ಲಿ ನೂರು ಗ್ರಾಂಗೆ 39 ಮಿಲಿಗ್ರಾಂ ಸತು ಎಂದಿದೆ. ಈ ಅಂಕಿ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಸಿಂಪಿಗೆ, ಅದರಲ್ಲೂ ಸಹಜವಾಗಿ ಬೆಳೆದ ಹಸಿ ಸಿಂಪಿಗೆ, ಅಲ್ಲಿಯ ಕೃಷಿ ಇಲಾಖೆ ಕೊಡುವ ಅಂಕಿಗೆ ಸರಿಹೊಂದುತ್ತದೆ. ಜಗತ್ತಿನಲ್ಲಿ ಅತಿ ವ್ಯಾಪಕವಾಗಿ ಸಾಕಲಾಗುವ ಪೆಸಿಫಿಕ್ ಸಿಂಪಿಗೆ ಅದೇ ಇಲಾಖೆ ಕೊಡುವ ಅಂಕಿ ಸುಮಾರು 16.6 ಮಿಲಿಗ್ರಾಂ, ಅಂದರೆ ಅರ್ಧಕ್ಕಿಂತ ಕಡಿಮೆ. ಪ್ರೋಟೀನ್ ಮಾತ್ರ ಅಟ್ಲಾಂಟಿಕ್ ಸಿಂಪಿಯಲ್ಲಿ 5.7 ಗ್ರಾಂ ಇದ್ದರೆ ಪೆಸಿಫಿಕ್ ಸಿಂಪಿಯಲ್ಲಿ 9.4 ಗ್ರಾಂ. ನಮ್ಮ ದೇಶದಲ್ಲಿ ಸಾಕುವುದು ಈ ಎರಡೂ ಅಲ್ಲ. ಇಲ್ಲಿಯದು ಅಳಿವೆಗಳ ಹಿನ್ನೀರಿನಲ್ಲಿ ಬೆಳೆಯುವ ಮದ್ರಾಸೆನ್ಸಿಸ್ ಎಂಬ ಜಾತಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ತೂತ್ತುಕುಡಿಯಲ್ಲಿ ಇದರ ಕೃಷಿಯನ್ನು ರೂಪಿಸಿದರು. 1990ರ ದಶಕದಲ್ಲಿ ಅದು ಕೇರಳದ ಅಷ್ಟಮುಡಿ ಹಿನ್ನೀರಿನ ಕಡೆಗೆ ಹರಡಿತು. ಅಮೆರಿಕದ ಸಿಂಪಿಯ ಅಂಕಿಗಳ ಪಕ್ಕದಲ್ಲಿ ನಮ್ಮ ಕರಾವಳಿಯ ಹಿನ್ನೀರಿನ ಚಿತ್ರವನ್ನು ಮುದ್ರಿಸಿದರೆ, ಓದುಗನು ಎರಡನ್ನೂ ಒಂದೆಂದೇ ತಿಳಿಯುವುದು ಸಹಜ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದೇ ಜಾತಿಯ, ಒಂದೇ ನೀರಿನ, ಒಂದೇ ಹಗ್ಗಕ್ಕೆ ಅಂಟಿಕೊಂಡು ಬೆಳೆದ ಸಿಂಪಿಯೂ ಜನವರಿಯಲ್ಲಿ ಒಂದು ಬಗೆಯ ಆಹಾರ, ಆಗಸ್ಟಿನಲ್ಲಿ ಇನ್ನೊಂದು ಬಗೆಯ ಆಹಾರ. ಇದಕ್ಕೆ ಕಾರಣ ಅದರ ಬದುಕಿನ ಕ್ರಮದಲ್ಲಿಯೇ ಇದೆ. ಸಿಂಪಿಯು ಅಲೆದು ಆಹಾರ ಹುಡುಕುವ ಪ್ರಾಣಿಯಲ್ಲ. ಬಂಡೆಗೋ ಹಗ್ಗಕ್ಕೋ ಅಂಟಿಕೊಂಡ ಜಾಗದಲ್ಲಿಯೇ ಇದ್ದು, ಕಿವಿರುಗಳ ಮೂಲಕ ನೀರನ್ನು ಹಾಯಿಸಿ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಗಳನ್ನು ಸೋಸಿ ತಿನ್ನುತ್ತದೆ. ದೊಡ್ಡ ಸಿಂಪಿಯೊಂದು ಅನುಕೂಲಕರ ಸ್ಥಿತಿಯಲ್ಲಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರನ್ನು ಹೀಗೆ ಸೋಸಬಲ್ಲದು. ನೀರಿನಲ್ಲಿ ಪಾಚಿ ಸಮೃದ್ಧವಾಗಿರುವ ತಿಂಗಳುಗಳಲ್ಲಿ ತಿಂದದ್ದರಲ್ಲಿ ಉಳಿದದ್ದನ್ನು ಅದು ಗ್ಲೈಕೋಜನ್ ಎಂಬ ಪಿಷ್ಟದ ರೂಪದಲ್ಲಿ ಮೈಯಲ್ಲಿ ಕೂಡಿಡುತ್ತದೆ. ತಂಪು ದೇಶಗಳಲ್ಲಿ ಶರತ್ಕಾಲದಿಂದ ವಸಂತದವರೆಗೆ ನಡೆಯುವ ಈ ಕೂಡಿಡುವಿಕೆಯ ಕೊನೆಯಲ್ಲಿ ನೀರನ್ನು ತೆಗೆದು ತೂಗಿದರೆ, ಒಣತೂಕದ ಕಾಲು ಭಾಗವೋ ಅದಕ್ಕಿಂತ ಹೆಚ್ಚೋ ಗ್ಲೈಕೋಜನ್ನೇ ಆಗಿರಬಹುದು. ಆಗ ಮಾಂಸ ಬೆಣ್ಣೆಯ ಬಣ್ಣಕ್ಕೆ ತಿರುಗಿ, ದಪ್ಪವಾಗಿ, ಚಿಪ್ಪಿನ ಒಳಗನ್ನೆಲ್ಲ ತುಂಬಿಕೊಂಡಿರುತ್ತದೆ.

ನೀರು ಬಿಸಿಯಾಗತೊಡಗಿದಂತೆ ಸಿಂಪಿ ಈ ಕೂಡಿಟ್ಟದ್ದನ್ನು ಕರಗಿಸಿ ಸಂತಾನಕ್ಕೆ ಖರ್ಚು ಮಾಡಲು ಆರಂಭಿಸುತ್ತದೆ. ಗ್ಲೈಕೋಜನ್ ಇಳಿಯುತ್ತದೆ, ಅದರ ಜಾಗದಲ್ಲಿ ಮೊಟ್ಟೆಗಳಿಗೆ ಬೇಕಾದ ಕೊಬ್ಬೂ ಪ್ರೋಟೀನೂ ಏರುತ್ತವೆ, ಮೊಟ್ಟೆ ಅಥವಾ ವೀರ್ಯ ತುಂಬಿದ ಗ್ರಂಥಿಯೇ ಮೃದುದೇಹದ ದೊಡ್ಡ ಪಾಲನ್ನು ಆಕ್ರಮಿಸುತ್ತದೆ. ಈ ಹಂತದಲ್ಲಿ ಕಿತ್ತು ಪರೀಕ್ಷಿಸಿದರೆ ಪ್ರಯೋಗಾಲಯದ ವರದಿಯಲ್ಲಿ ಕೊಬ್ಬಿನ ಪ್ರಮಾಣ ವರ್ಷದಲ್ಲಿಯೇ ಗರಿಷ್ಠವಾಗಿ ಕಾಣಬಹುದು, ಮತ್ತು ಆ ವರದಿಯನ್ನು ಹಿಡಿದು ಸಿಂಪಿ ಒಳ್ಳೆಯ ಕೊಬ್ಬಿನ ಆಗರ ಎಂದು ಯಾರಾದರೂ ಬರೆದರೆ ಅವರನ್ನು ಸುಳ್ಳುಗಾರರೆನ್ನಲಾಗದು. ಆದರೆ ಕೆಲವೇ ದಿನಗಳ ನಂತರ, ಬೆಚ್ಚನೆಯ ನೀರಿನಲ್ಲಿ ಪೆಸಿಫಿಕ್ ಸಿಂಪಿಯ ಹೆಣ್ಣು ಕೋಟಿಗಟ್ಟಲೆ ಮೊಟ್ಟೆಗಳನ್ನು ಒಮ್ಮೆಗೇ ನೀರಿಗೆ ಬಿಟ್ಟ ಮೇಲೆ, ಅದೇ ಚಿಪ್ಪಿನೊಳಗೆ ಉಳಿಯುವುದು ಅರೆಪಾರದರ್ಶಕವಾದ, ನೀರು ತುಂಬಿದ, ಸೊರಗಿದ ಮಾಂಸ. ಗ್ಲೈಕೋಜನ್ ಮೊದಲೇ ಖರ್ಚಾಗಿದೆ, ಕೊಬ್ಬು ಮೊಟ್ಟೆಗಳ ಜೊತೆಗೆ ಹೊರಟುಹೋಗಿದೆ. ಚಿಪ್ಪು ಮಾತ್ರ ಅಷ್ಟೇ ದೊಡ್ಡದು, ಡಜನ್ನಿನ ಬೆಲೆಯೂ ಬಹುಶಃ ಅಷ್ಟೇ.

ನಮ್ಮ ಜಿಲ್ಲೆಯ ಓದುಗರಿಗೆ ಇದನ್ನು ಒಪ್ಪಿಸುವುದು ಕಷ್ಟವಲ್ಲ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲೂ ಹಾಲು ಉತ್ಪಾದಕರ ಸಹಕಾರ ಸಂಘವಿದೆ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಣ್ಣುಮಗಳಿಗೆ ಹಾಲೆಂದರೆ ಒಂದೇ ಅಂಕಿ ಎಂದು ಯಾರೂ ಹೇಳಲಾರರು. ಆಕೆಯ ಕ್ಯಾನಿನ ಹಾಲನ್ನು ಆ ಹೊತ್ತಿಗೇ ಯಂತ್ರಕ್ಕಿಟ್ಟು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ನೋಡಿ, ಅದರ ಪ್ರಕಾರ ದರ ಕಟ್ಟುತ್ತಾರೆ. ಬೇಸಿಗೆಯ ಸೆಕೆಯಲ್ಲಿ ಸೀಮೆಹಸು ಮೇವು ಬಿಟ್ಟಾಗ, ಹಸಿಮೇವು ಸಿಗದೆ ಬರೀ ರಾಗಿಹುಲ್ಲಿನ ಮೇಲೆ ಹಸು ನಿಂತಾಗ, ಎಸ್‌ಎನ್‌ಎಫ್ ಅಂಕಿ ಇಳಿಯುತ್ತದೆ; ಇಳಿದದ್ದು ಚೀಟಿಯಲ್ಲಿ ಕಾಣುತ್ತದೆ; ದುಡ್ಡಿನಲ್ಲೂ ಕಾಣುತ್ತದೆ. ಪೊಟ್ಟಣದ ಹಾಲಿನ ಮೇಲೆ 3.0 ಅಥವಾ 4.5 ಎಂಬ ಸ್ಥಿರವಾದ ಅಂಕಿ ಇರಲು ಕಾರಣ ಒಕ್ಕೂಟದವರು ಕೆನೆಯನ್ನು ತೆಗೆದು ಸೇರಿಸಿ ಹಾಲನ್ನು ಆ ಮಟ್ಟಕ್ಕೆ ತರುವುದೇ ಹೊರತು, ಹಸು ವರ್ಷವಿಡೀ ಹಾಗೆ ಕೊಡುವುದಲ್ಲ. ಸಿಂಪಿಗೆ ಅಂಥ ಸಮೀಕರಣ ಮಾಡುವ ಡೇರಿ ಇಲ್ಲ. ಚಿಪ್ಪು ತೆರೆದರೆ ಆ ತಿಂಗಳು ಏನಿದೆಯೋ ಅದೇ ತಟ್ಟೆಗೆ ಬರುತ್ತದೆ.

ಕೋಷ್ಟಕಗಳನ್ನು ಓದುವಾಗ ತಪ್ಪುವ ಇನ್ನೊಂದು ಜಾಗವನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಸಿಂಪಿ ಮಾಂಸದ ಬಹುಪಾಲು ನೀರು. ಒಳ್ಳೆಯ ಕಾಲದಲ್ಲಿ ನೂರು ಗ್ರಾಂ ಹಸಿ ಮಾಂಸದಲ್ಲಿ 80 ಗ್ರಾಂ ನೀರಿದೆಯೆಂದೂ ಸೊರಗಿದ ಕಾಲದಲ್ಲಿ 88 ಗ್ರಾಂ ನೀರಿದೆಯೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಂಬತ್ತಕ್ಕೂ ಎಂಬತ್ತೆಂಟಕ್ಕೂ ಏನು ಮಹಾ ವ್ಯತ್ಯಾಸ ಎನ್ನಿಸಬಹುದು. ಆದರೆ ತಿನ್ನುವವನಿಗೆ ದಕ್ಕುವ ಸಾರ ಮೊದಲನೆಯದರಲ್ಲಿ 20 ಗ್ರಾಂ, ಎರಡನೆಯದರಲ್ಲಿ 12 ಗ್ರಾಂ. ಅಂದರೆ ಪ್ರತಿಶತ 40ರಷ್ಟು ನಷ್ಟ. ಸಂಶೋಧಕರು ಸಾಮಾನ್ಯವಾಗಿ ಒಣತೂಕದ ಮೇಲೆ ಲೆಕ್ಕ ಕೊಡುತ್ತಾರೆ. ಹಾಗಾಗಿ ಅವರ ಪ್ರಬಂಧದಲ್ಲಿ ಪ್ರೋಟೀನಿನ ಪ್ರಮಾಣ ಬೇಸಿಗೆಯಲ್ಲಿ ಏರಿದಂತೆ ಕಂಡರೂ, ಅದು ಬಹುತೇಕ ಗ್ಲೈಕೋಜನ್ ಇಳಿದದ್ದರಿಂದ ಪ್ರೋಟೀನಿನ ಪಾಲು ದೊಡ್ಡದಾಗಿ ತೋರುವ ಏರಿಕೆಯಾಗಿರುತ್ತದೆ. ಪತ್ರಿಕೆಗಳು ಹಸಿತೂಕದ ಮೇಲೆ ಅಂಕಿ ಕೊಡುತ್ತವೆ. ಒಂದನ್ನು ಇನ್ನೊಂದರ ಜೊತೆ ಬೆರೆಸಿದರೆ, ಬಾಣಂತನ ಮುಗಿಸಿ ಸೊರಗಿದ ಸಿಂಪಿಯೇ ಹೆಚ್ಚು ಪೌಷ್ಟಿಕ ಎಂಬ ತೀರ್ಮಾನಕ್ಕೂ ಬರಬಹುದು. ಬೇಯಿಸಿದ ಸಿಂಪಿಯ ಅಂಕಿಗಳು ಹಸಿಯದಕ್ಕಿಂತ ಎತ್ತರದಲ್ಲಿರುವುದೂ ಇದೇ ಕಾರಣಕ್ಕೆ: ಬೇಯುವಾಗ ನೀರು ಹೋಗಿ ಮಾಂಸ ಕುಗ್ಗುತ್ತದೆ, ನೂರು ಗ್ರಾಂ ತುಂಬಿಸಲು ಹೆಚ್ಚು ಸಿಂಪಿಗಳು ಬೇಕಾಗುತ್ತವೆ.

ಒಮೇಗಾ-3 ಕೊಬ್ಬಿನಾಮ್ಲಗಳ ಬಗ್ಗೆ ತಮ್ಮ ಲೇಖನ ಉತ್ಸಾಹದಿಂದ ಮಾತಾಡಿದೆ. ಅವು ಸಿಂಪಿಯಲ್ಲಿ ಇರುವುದು ನಿಜ. ಆದರೆ ಇಪಿಎ, ಡಿಎಚ್‌ಎ ಎಂದು ಕರೆಯುವ ಈ ಆಮ್ಲಗಳನ್ನು ತಾನಾಗಿ ತಯಾರಿಸುವ ಶಕ್ತಿ ಸಿಂಪಿಗೆ ಅತ್ಯಲ್ಪ. ತಿನ್ನುವ ಪಾಚಿಯಿಂದಲೇ ಅವು ಬರಬೇಕು. ಡಯಾಟಮ್ ಎಂಬ ಗಾಜಿನ ಕವಚದ ಪಾಚಿಗಳು ಹೆಚ್ಚಿರುವಾಗ ಇಪಿಎ ಹೆಚ್ಚು ಸಿಗುತ್ತದೆ, ಡೈನೋಫ್ಲಾಜೆಲೇಟುಗಳು ಹೆಚ್ಚಿರುವಾಗ ಡಿಎಚ್‌ಎ. ನೀರಿನಲ್ಲಿ ಯಾವ ಪಾಚಿಯ ಕಾಲ ನಡೆಯುತ್ತಿದೆಯೋ ಅದರ ಗುರುತು ಸಿಂಪಿಯ ಕೊಬ್ಬಿನಲ್ಲಿರುತ್ತದೆ. ಕೊಬ್ಬಿನ ಒಟ್ಟು ಪ್ರಮಾಣ ಎರಡು ಗ್ರಾಂ ಆಸುಪಾಸಿನಷ್ಟೇ ಇರುವ ಆಹಾರದಲ್ಲಿ ಅದರ ಗುಣ ಋತುವಿನೊಂದಿಗೆ ಹೀಗೆ ಬದಲಾಗುವಾಗ, ಒಂದೇ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಎಷ್ಟು ಸರಿ ಎಂಬುದನ್ನು ತಾವೇ ಯೋಚಿಸಬೇಕು.

ಇಂಗ್ಲಿಷ್ ಹೆಸರಿನಲ್ಲಿ ಆರ್ ಅಕ್ಷರವಿಲ್ಲದ ಮೇ, ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಿಂಪಿ ತಿನ್ನಬಾರದು ಎಂಬ ಯುರೋಪಿನ ಹಳೆಯ ನಿಯಮವನ್ನು ಲೇಖಕರು ಒಂದು ಸಾಲಿನಲ್ಲಿ ಪ್ರಸ್ತಾಪಿಸಿ, ಅದು ಮೂಢನಂಬಿಕೆಯೆಂದು ತಳ್ಳಿಹಾಕಿದ್ದಾರೆ. ಮೂಢನಂಬಿಕೆ ಎನ್ನುವುದು ಅವಸರದ ತೀರ್ಪು. ಉತ್ತರ ಯುರೋಪಿನ ಬೇಸಿಗೆಯಲ್ಲಿ ಸಿಂಪಿ ಮೊಟ್ಟೆಯಿಡುತ್ತದೆ, ಸೊರಗುತ್ತದೆ. ಅಲ್ಲಿಯ ದೇಶೀಯ ಚಪ್ಪಟೆ ಸಿಂಪಿಯಂತೂ ಮರಿಗಳನ್ನು ಚಿಪ್ಪಿನೊಳಗೇ ಕೆಲವು ದಿನ ಇಟ್ಟುಕೊಳ್ಳುವುದರಿಂದ ತಿಂದರೆ ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ರೋಗಾಣುಗಳೂ ಹೆಚ್ಚು. ನಿಯಮಕ್ಕೆ ಆಧಾರವಿತ್ತು, ಆದರೆ ಅದು ಅಲ್ಲಿಯ ನೀರಿನ ನಿಯಮ. ಆಸ್ಟ್ರೇಲಿಯಾದಲ್ಲಿ ಋತುಗಳು ತಿರುಗುಮುರುಗು. ಅಲ್ಲಿಯ ಸಿಡ್ನಿ ಸಿಂಪಿ ಕೊಬ್ಬುವುದು ನಾವು ಚಳಿಗಾಲ ಎನ್ನುವ ತಿಂಗಳುಗಳಲ್ಲಿ ಬರುವ ಅವರ ಬೇಸಿಗೆಯಲ್ಲಿ, ಪೆಸಿಫಿಕ್ ಸಿಂಪಿ ಅವರ ಚಳಿಗಾಲದಲ್ಲಿ. ಜಪಾನಿನಲ್ಲಿ ಹಿರೋಶಿಮಾದ ಸಾಕಿದ ಸಿಂಪಿಗೆ ಚಳಿಗಾಲವೇ ಹಂಗಾಮಾದರೆ, ಇವಾಗಾಕಿ ಎಂಬ ಬಂಡೆ ಸಿಂಪಿಗೆ ಬೇಸಿಗೆ ಹಂಗಾಮು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಲೆಕ್ಕ ಇನ್ನೂ ಬೇರೆ. ಇಲ್ಲಿ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ. ಋತುವನ್ನು ನಿರ್ಧರಿಸುವುದು ತಾಪಮಾನಕ್ಕಿಂತ ಹೆಚ್ಚಾಗಿ ಮಳೆ. ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಇಡೀ ವರ್ಷಕ್ಕೆ ಬೀಳುವುದು 700ರಿಂದ 750 ಮಿಲಿಮೀಟರ್ ಆಸುಪಾಸಿನ ಮಳೆ. ನಮ್ಮ ಕರಾವಳಿಯಲ್ಲಿ ಅದರ ನಾಲ್ಕೈದು ಪಟ್ಟು, ಅದೂ ಹೆಚ್ಚಿನಂಶ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನೀರೆಲ್ಲ ಘಟ್ಟದಿಂದ ಇಳಿದು ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳ ಅಳಿವೆಗಳನ್ನು ತುಂಬಿದಾಗ, ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪಾಗಿದ್ದ ಹಿನ್ನೀರು ಬಹುತೇಕ ಸಿಹಿನೀರಾಗುತ್ತದೆ. ಸಿಂಪಿಗೆ ಆಗ ಉಳಿದಿರುವ ಉಪಾಯ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಕಾಯುವುದು. ಮುಚ್ಚಿಕೊಂಡಷ್ಟು ಹೊತ್ತು ಅದು ಸೋಸುವುದಿಲ್ಲ, ತಿನ್ನುವುದಿಲ್ಲ. ಕೂಡಿಟ್ಟ ಗ್ಲೈಕೋಜನ್ನನ್ನು ಆಮ್ಲಜನಕವಿಲ್ಲದೆ ಉರಿಸಿಕೊಂಡು ಜೀವ ಹಿಡಿದಿರುತ್ತದೆ. ಸಿಹಿನೀರಿನ ಕಾಲ ದೀರ್ಘವಾದರೆ ಸಾಯುವುದೂ ಉಂಟು. ಅಷ್ಟಮುಡಿಯ ಕಡೆಯ ಸಾಕಣೆದಾರರು ನವೆಂಬರ್, ಡಿಸೆಂಬರಿನ ಹೊತ್ತಿಗೆ ಮರಿಗಳನ್ನು ಚಿಪ್ಪಿನ ಸರಗಳ ಮೇಲೆ ಹಿಡಿದು, ಮುಂಗಾರು ಇಳಿಯುವ ಮೊದಲೇ ಕೊಯ್ಲು ಮುಗಿಸಲು ನೋಡುವುದು ಇದರಿಂದಲೇ. ಯುರೋಪಿನ ನಿಯಮ ಬೇಡವೆನ್ನುವ ಮೇ ತಿಂಗಳು ಹೀಗೆ ನಮ್ಮ ಕರಾವಳಿಯ ಕೊಯ್ಲಿನ ಕಾಲವಾಗಬಹುದು.

ಉಪ್ಪಿನ ಪ್ರಮಾಣ ರುಚಿಯನ್ನೂ ಬದಲಾಯಿಸುತ್ತದೆ ಎಂಬುದನ್ನು ಇಲ್ಲಿಯೇ ಸೇರಿಸಬಹುದು. ಹೊರಗಿನ ನೀರು ಉಪ್ಪಾದಂತೆ ಸಿಂಪಿಯ ಜೀವಕೋಶಗಳು ತಮ್ಮೊಳಗಿನ ನೀರನ್ನು ಕಳೆದುಕೊಳ್ಳದಿರಲು ಗ್ಲೈಸಿನ್, ಅಲನಿನ್, ಪ್ರೋಲಿನ್, ಟಾರಿನ್ ಮೊದಲಾದ ಬಿಡಿ ಅಮೈನೋ ಆಮ್ಲಗಳನ್ನು ತುಂಬಿಕೊಳ್ಳುತ್ತವೆ. ಸಿಂಪಿಯ ಸಿಹಿಮಿಶ್ರಿತ ರುಚಿಗೆ ಇವುಗಳಲ್ಲಿ ಹಲವು ಕಾರಣ. ಮಳೆಗಾಲದ ನೀರಿನಲ್ಲಿ ಕೋಶಗಳು ಇವನ್ನು ಕಡಿಮೆ ಮಾಡಿಕೊಳ್ಳುವುದರಿಂದ ಆಗ ತೆಗೆದ ಸಿಂಪಿ ಸಪ್ಪೆ. ಗ್ಲೈಕೋಜನ್ನಿಗೆ ತನ್ನದೇ ಆದ ಸಿಹಿ ಇಲ್ಲ. ಕೊಬ್ಬಿದ ಸಿಂಪಿ ಸಿಹಿಯೆಂದು ಬಾಣಸಿಗರು ಹೇಳುವಾಗ ಅವರು ಮೆಚ್ಚುತ್ತಿರುವುದು ಹೆಚ್ಚಾಗಿ ಈ ಆಮ್ಲಗಳನ್ನು.

ಇಷ್ಟು ಓದಿದವರು, ಹಾಗಾದರೆ ಮೊಟ್ಟೆಯಿಟ್ಟು ಸೊರಗಿದ ಕಾಲದಲ್ಲಿ ಎಲ್ಲ ಪೋಷಕಾಂಶಗಳೂ ಇಳಿಯುತ್ತವೆಯೇ ಎಂದು ಕೇಳಬಹುದು. ಇಲ್ಲ, ಮತ್ತು ತಮ್ಮ ಕೋಷ್ಟಕದ ಮೊದಲ ಸಾಲಿನಲ್ಲಿರುವ ಸತುವೇ ಇದಕ್ಕೆ ಅಪವಾದ. ಸತು, ತಾಮ್ರದಂಥ ಲೋಹಗಳು ಸಿಂಪಿಯ ಅಂಗಾಂಶದಲ್ಲಿ ಭದ್ರವಾಗಿ ಕುಳಿತಿರುತ್ತವೆ. ಗ್ಲೈಕೋಜನ್ನೂ ಮೊಟ್ಟೆಯ ಕೊಬ್ಬೂ ಹೊರಟುಹೋದಷ್ಟು ಸುಲಭವಾಗಿ ಅವು ಹೋಗುವುದಿಲ್ಲ. ಮೈ ಕುಗ್ಗಿ ಲೋಹ ಹಾಗೆಯೇ ಉಳಿದಾಗ ಒಣತೂಕದ ಲೆಕ್ಕದಲ್ಲಿ ಅದರ ಸಾಂದ್ರತೆ ಏರುತ್ತದೆ. ಮೈ ಕೊಬ್ಬಿದಾಗ ಅದೇ ಲೋಹ ಹೆಚ್ಚು ಮಾಂಸದಲ್ಲಿ ಹಂಚಿಹೋಗಿ ಸಾಂದ್ರತೆ ಇಳಿಯುತ್ತದೆ. ರುಚಿಗೂ ಶಕ್ತಿಗೂ ಉತ್ತಮವಾದ ತಿಂಗಳು ಸತುವಿನ ಸಾಂದ್ರತೆಗೆ ಉತ್ತಮವಾದ ತಿಂಗಳಾಗಿರಬೇಕಿಲ್ಲ. ಇದೇ ನ್ಯಾಯ ಕ್ಯಾಡ್ಮಿಯಂ ಎಂಬ ಬೇಡದ ಲೋಹಕ್ಕೂ ಅನ್ವಯಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ. ಪುರುಷರಿಗೆ ದಿನಕ್ಕೆ 17 ಮಿಲಿಗ್ರಾಂ, ಮಹಿಳೆಯರಿಗೆ 13.2 ಮಿಲಿಗ್ರಾಂ ಸತು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ವಯಸ್ಕರಿಗೆ 40 ಮಿಲಿಗ್ರಾಂ ಮೇಲ್ಮಿತಿ. ಅಮೆರಿಕದ ಸಿಂಪಿಯ ಅಂಕಿಯನ್ನು ನಂಬಿದರೆ ನೂರು ಗ್ರಾಂಗೇ ಆ ಮಿತಿ ಹತ್ತಿರ ಬರುತ್ತದೆ. ಪೆಸಿಫಿಕ್ ಸಿಂಪಿಯ ಅಂಕಿಯಲ್ಲಿ ಒಬ್ಬ ಗಂಡಸಿನ ಒಂದು ದಿನದ ಅಗತ್ಯವೂ ಪೂರ್ತಿ ಆಗುವುದಿಲ್ಲ. ಸತುವಿನ ಮಾತ್ರೆಯನ್ನೂ ನುಂಗುತ್ತಿರುವ ಓದುಗನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸಾಕಣೆಯಿಂದ ಋತುವಿನ ಈ ಏರಿಳಿತವನ್ನು ತಗ್ಗಿಸಲು ಸಾಧ್ಯವಿದೆ ಎಂಬುದನ್ನು ಲೇಖನ ಹೇಳಿದ್ದರೆ ಅದರ ತೂಕ ಹೆಚ್ಚುತ್ತಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು, ಎರಡು ಗಣದ ಬದಲು ಮೂರು ಗಣ ವರ್ಣತಂತುಗಳಿರುವ ಸಿಂಪಿಯನ್ನು ಪಡೆಯುವ ಕ್ರಮವನ್ನು ಕಂಡುಕೊಂಡರು. ಇಂಥ ತ್ರಿಗುಣಿತ ಸಿಂಪಿ ಬಹುಮಟ್ಟಿಗೆ ಬಂಜೆ. ಸಂತಾನಕ್ಕೆ ಖರ್ಚಿಲ್ಲದ ಕಾರಣ ಬೇಸಿಗೆಯಲ್ಲೂ ಗ್ಲೈಕೋಜನ್ ಉಳಿಸಿಕೊಂಡು ದಪ್ಪಗಿರುತ್ತದೆ, ಬೇಗ ಬೆಳೆಯುತ್ತದೆ. ಯುರೋಪ್ ಅಮೆರಿಕಗಳಲ್ಲಿ ಆರ್ ಇಲ್ಲದ ತಿಂಗಳುಗಳಲ್ಲೂ ಹೋಟೆಲುಗಳಿಗೆ ಒಳ್ಳೆಯ ಸಿಂಪಿ ಸಿಗುತ್ತಿರುವುದರಲ್ಲಿ ಇದರ ಪಾಲು ದೊಡ್ಡದು. ಇದರಲ್ಲಿ ಹೊರಗಿನ ಜೀನನ್ನು ಸೇರಿಸುವುದಿಲ್ಲ ಎಂಬುದನ್ನು, ಅನುಮಾನ ಪಡುವವರಿಗಾಗಿ, ಹೇಳಿಬಿಡುತ್ತೇನೆ. ಫ್ರಾನ್ಸಿನ ಮಾರೆನ್–ಒಲೆರೋಂ ಪ್ರದೇಶದಲ್ಲಿ ಮಾರಾಟಕ್ಕೆ ಮೊದಲು ಸಿಂಪಿಗಳನ್ನು ಪಾಚಿ ತುಂಬಿದ ಆಳವಿಲ್ಲದ ಕೊಳಗಳಲ್ಲಿ ಬಿಟ್ಟು ಮೇಯಿಸುವ ಹಳೆಯ ಪದ್ಧತಿಯಿದೆ. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಮಾತ್ರ ಅದೇ ದೇಶದ ದರ್ಜೆಯ ಪದ್ಧತಿ: ಒಂದು ತಂಡದಿಂದ 20 ಸಿಂಪಿಗಳನ್ನು ತೆಗೆದು, ಚಿಪ್ಪುಸಹಿತ ತೂಕದಲ್ಲಿ ಮಾಂಸದ ತೂಕ ಪ್ರತಿಶತ ಎಷ್ಟೆಂದು ನೋಡುತ್ತಾರೆ, 6.5ರಿಂದ 10.5ರವರೆಗೆ ಇದ್ದರೆ ಫೀನ್, ಅದಕ್ಕಿಂತ ಮೇಲಿದ್ದರೆ ಸ್ಪೆಸ್ಯಾಲ್ ಎಂದು ಬುಟ್ಟಿಯ ಮೇಲೆ ಬರೆಯುತ್ತಾರೆ. ಒಂದು ತಕ್ಕಡಿ ಮತ್ತು ಒಂದು ಚಾಕು ಇದ್ದರೆ ಆಗುವ ಪರೀಕ್ಷೆ ಇದು. ಅಂಥದ್ದನ್ನು ನಮ್ಮ ಕರಾವಳಿಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮಾಡಲಾರರೆಂದು ನಾನು ನಂಬುವುದಿಲ್ಲ. ಅದಕ್ಕೆ ತಕ್ಕ ಬೆಲೆ ಕೊಡುವ ಕೊಳ್ಳುಗರು ಇದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ಸುರಕ್ಷತೆಯ ವಿಷಯ ಪ್ರತ್ಯೇಕ ಪತ್ರಕ್ಕೆ ತಕ್ಕದ್ದಾದರೂ, ಅದೂ ಋತುವಿಗೆ ಕಟ್ಟುಬಿದ್ದದ್ದಾದ್ದರಿಂದ ಎರಡು ಮಾತು ಸಾಕು. ಬೆಚ್ಚನೆಯ ಅಳಿವೆ ನೀರಿನ ವಿಬ್ರಿಯೋ ಬ್ಯಾಕ್ಟೀರಿಯಾ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಕೆಲವು ಪಾಚಿಗಳು ಮಿತಿಮೀರಿ ಬೆಳೆದ ಕಾಲದಲ್ಲಿ ಕಪ್ಪೆಚಿಪ್ಪುಗಳಲ್ಲಿ ಶೇಖರವಾಗುವ ವಿಷ ಬೇಯಿಸಿದರೂ ಹೋಗುವುದಿಲ್ಲ. ಮಂಗಳೂರಿನ ಕಡೆ 1983ರಲ್ಲಿಯೂ, ಕೇರಳದ ವಿಳಿಂಜಂನಲ್ಲಿ 1997ರಲ್ಲಿಯೂ ಇಂಥ ವಿಷದಿಂದ ಸಾವುಗಳಾಗಿವೆ. ಹಸಿಯಾಗಿ ತಿಂದರೆ ಪೋಷಕಾಂಶ ಪೂರ್ತಿ ಸಿಗುತ್ತದೆ ಎಂಬ ಲೇಖನದ ಕೊನೆಯ ಸಾಲನ್ನು, ನೀರಿನ ಪರೀಕ್ಷೆಯ ಏರ್ಪಾಡು ಗಟ್ಟಿಯಾಗಿಲ್ಲದ ಕಡೆ, ತಾವು ಮುದ್ರಿಸಬಾರದಿತ್ತು.

ನಮ್ಮ ಜಿಲ್ಲೆಗಳಿಗೇ ಸಂಬಂಧಿಸಿದ ಒಂದು ಆತಂಕವನ್ನೂ ತಿಳಿಸಬೇಕು. ನಮ್ಮ ಕೆರೆಗಳ ಕೆಸರಿನಲ್ಲಿ ಸಿಹಿನೀರಿನ ಕಪ್ಪೆಚಿಪ್ಪುಗಳಿವೆ. ಮುತ್ತಿನ ಕೃಷಿಯ ಪ್ರಚಾರದಿಂದಾಗಿ ಈಗ ಅವುಗಳ ಮೇಲೆ ಜನರ ಕಣ್ಣೂ ಬಿದ್ದಿದೆ. ಚಿತ್ರದಲ್ಲಿ ಸಿಂಪಿಯನ್ನು ನೋಡಿದ ಯಾರಾದರೂ, ಇದು ನಮ್ಮ ಕೆರೆಯಲ್ಲೇ ಸಿಗುತ್ತದಲ್ಲ ಎಂದುಕೊಂಡರೆ ತಪ್ಪು ಅವರದಲ್ಲ. ಅದು ಬೇರೆಯೇ ಕುಟುಂಬದ ಪ್ರಾಣಿ. ತಮ್ಮ ಕೋಷ್ಟಕದ ಒಂದು ಅಂಕಿಯೂ ಅದಕ್ಕೆ ಹೊಂದುವುದಿಲ್ಲ. ಅದಲ್ಲದೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೂ, ನಂತರ ಎಚ್.ಎನ್. ವ್ಯಾಲಿ ಯೋಜನೆಯ ಮೂಲಕ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬೆಂಗಳೂರಿನ ತ್ಯಾಜ್ಯನೀರು ಎರಡನೆಯ ಹಂತದವರೆಗೆ ಸಂಸ್ಕರಣೆಗೊಂಡು ಬರುತ್ತಿದೆ. ಅಂತರ್ಜಲಕ್ಕೆ ಅದರಿಂದಾದ ಅನುಕೂಲದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೀರನ್ನು ಸೋಸಿ ತಿನ್ನುವ ಪ್ರಾಣಿ ನೀರಿನಲ್ಲಿರುವ ಲೋಹವನ್ನೂ ರೋಗಾಣುವನ್ನೂ ಮೈಯಲ್ಲಿ ಕೂಡಿಡುತ್ತದೆ. ಅಮೆರಿಕದಲ್ಲಿ 1986ರಿಂದ ಕರಾವಳಿಯ ಮಾಲಿನ್ಯವನ್ನು ಅಳೆಯುವುದಕ್ಕೇ ಕಪ್ಪೆಚಿಪ್ಪು ಮತ್ತು ಸಿಂಪಿಗಳನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಇಂಥ ಕೆರೆಗಳ ಕಪ್ಪೆಚಿಪ್ಪನ್ನು ಸತುವಿನ ಆಸೆಗೆ ಬೇಯಿಸಿ ತಿನ್ನಬಾರದು ಎಂದು ಸ್ಪಷ್ಟವಾಗಿ ಹೇಳುವ ಒಂದು ಸಾಲು ಆ ಲೇಖನದಲ್ಲಿ ಇರಬೇಕಾಗಿತ್ತು. ಸತು ಬೇಕಾದವರಿಗೆ ಮೊಟ್ಟೆ, ಮಾಂಸ, ಹಾಲು ಇವೆ. ಅವರೆ, ಹುರುಳಿ, ಹೆಸರುಕಾಳುಗಳನ್ನು ಮೊಳಕೆ ಕಟ್ಟಿ ತಿಂದರೆ ಸತುವಿಗೆ ಅಡ್ಡಬರುವ ಫೈಟೇಟ್ ಅಂಶ ಇಳಿದು ಅವುಗಳ ಸತುವೂ ಹೆಚ್ಚಾಗಿ ದಕ್ಕುತ್ತದೆ.

ಅಂದಹಾಗೆ, ಸಮುದ್ರದ ಚಿಪ್ಪು ನಮ್ಮ ಕಡೆಗೆ ಹೊಸದೇನಲ್ಲ. ಮೊಟ್ಟೆಕೋಳಿ ಸಾಕುವವರು ಮೊಟ್ಟೆಯ ಸಿಪ್ಪೆಯ ಗಟ್ಟಿತನಕ್ಕಾಗಿ ಆಹಾರಕ್ಕೆ ಬೆರೆಸುವ ಚಿಪ್ಪಿನ ಪುಡಿ ಕರಾವಳಿಯಿಂದಲೇ ಬರುವುದು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿರುವ ಆ ಚಿಪ್ಪಿಗೆ ಮಾತ್ರ ತಿಂಗಳಿನ ಹಂಗಿಲ್ಲ.

ಹೀಗಿರುವಾಗ ಪತ್ರಿಕೆಯಿಂದ ನನ್ನ ಕೋರಿಕೆ ದೊಡ್ಡದೇನಲ್ಲ. ಸಿಂಪಿ, ಕಪ್ಪೆಚಿಪ್ಪು, ಮೀನುಗಳ ಪೌಷ್ಟಿಕಾಂಶವನ್ನು ಮುದ್ರಿಸುವಾಗ ಜಾತಿ, ತೆಗೆದ ಸ್ಥಳ ಮತ್ತು ತಿಂಗಳು, ಸಾಕಿದ್ದೋ ಸಹಜವಾದದ್ದೋ, ಹಸಿಯೋ ಬೇಯಿಸಿದ್ದೋ ಎಂಬುದನ್ನು ಕೋಷ್ಟಕದ ಕೆಳಗೆ ಒಂದು ಸಾಲಿನಲ್ಲಿ ಕೊಡಬೇಕು. ವರ್ಷವಿಡೀ ಅಳೆದ ಅಂಕಿಗಳು ಲಭ್ಯವಿದ್ದರೆ ಕನಿಷ್ಠ ಗರಿಷ್ಠಗಳೆರಡನ್ನೂ ಕೊಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಹೊರತಂದ ಆಹಾರ ಕೋಷ್ಟಕಗಳಲ್ಲಿ 528 ಆಹಾರಗಳ ಮಾದರಿಗಳನ್ನು ದೇಶದ ಆರು ವಲಯಗಳಿಂದ ತರಿಸಿ ಅಳೆದು, ಸರಾಸರಿಯ ಪಕ್ಕದಲ್ಲಿಯೇ ಏರಿಳಿತವನ್ನೂ ನಮೂದಿಸಿದ್ದಾರೆ. ಸ್ಥಳದಿಂದ ಸ್ಥಳಕ್ಕೆ ಆಗುವ ವ್ಯತ್ಯಾಸಕ್ಕೆ ಕೊಟ್ಟ ಈ ಗಮನವನ್ನು ಕರಾವಳಿಯ ಚಿಪ್ಪುಜೀವಿಗಳ ಮಟ್ಟಿಗೆ ತಿಂಗಳಿನಿಂದ ತಿಂಗಳಿಗೆ ಆಗುವ ವ್ಯತ್ಯಾಸಕ್ಕೂ ಕೊಡುವುದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಸಂಸ್ಥೆಗಳಿಗೆ ಅಸಾಧ್ಯವಲ್ಲ.

ಹೋಟೆಲುಗಳ ವಿಷಯದಲ್ಲಿ ಮೀನುಗಾರಿಕೆ ಇಲಾಖೆಯೂ ಆಹಾರ ಸುರಕ್ಷತಾ ಅಧಿಕಾರಿಗಳೂ ಗಮನಿಸಬೇಕಾದದ್ದೊಂದಿದೆ. ಅಮೆರಿಕದಲ್ಲಿ ಚಿಪ್ಪುಸಹಿತ ಸಿಂಪಿಯ ಪ್ರತಿ ಚೀಲಕ್ಕೂ ಕೊಯ್ಲಿನ ದಿನಾಂಕ ಮತ್ತು ನೀರಿನ ಪ್ರದೇಶವನ್ನು ಬರೆದ ಚೀಟಿ ಇರಲೇಬೇಕು. ಚೀಲ ಖಾಲಿಯಾದ ಮೇಲೂ ಹೋಟೆಲಿನವರು ಆ ಚೀಟಿಯನ್ನು 90 ದಿನ ಕಾಪಿಡಬೇಕು. ಆ ನಿಯಮವಿರುವುದು ಕಾಯಿಲೆಯ ಮೂಲ ಹುಡುಕುವುದಕ್ಕಾದರೂ, ತಿನ್ನುವವನಿಗೆ ತಿಂಗಳು ತಿಳಿಯುವುದೂ ಅದರಿಂದಲೇ. ಬೆಂಗಳೂರಿನ ಮಳಿಗೆಗಳಲ್ಲಿ ಶೀತಲೀಕರಿಸಿ ಮಾರುವ ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನಾಂಕದ ಜೊತೆಗೆ ನೀರಿನಿಂದ ತೆಗೆದ ತಿಂಗಳನ್ನೂ ನೀರಿನ ಹೆಸರನ್ನೂ ನಮೂದಿಸುವಂತೆ ಮಾಡಲು ಇಲ್ಲಿಯೂ ಹೆಚ್ಚಿನ ಖರ್ಚೇನೂ ಆಗಲಾರದು.

ಸದ್ಯಕ್ಕೆ ಆ ಲೇಖನದ ಕೋಷ್ಟಕವನ್ನು ಎಲ್ಲಿಂದ ತೆಗೆದುಕೊಳ್ಳಲಾಯಿತು, ಅದರಲ್ಲಿರುವುದು ಯಾವ ಜಾತಿಯ ಸಿಂಪಿ ಎಂಬುದನ್ನಾದರೂ ಮುಂದಿನ ಪುರವಣಿಯಲ್ಲಿ ತಿಳಿಸಬೇಕೆಂದೂ, ಕೆರೆಯ ಕಪ್ಪೆಚಿಪ್ಪುಗಳ ಬಗೆಗಿನ ಎಚ್ಚರಿಕೆಯನ್ನು ಅದರ ಜೊತೆಗೇ ಮುದ್ರಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ